ಜ್ವರಕ್ಕೆ ಕೂತ ಕಾವಲು

ಎಬ್ಸೋ ಮಿಷನ್ನು ಅಂತ ಇವತ್ತು ಕನ್ಯಾಕುಮಾರಿಯಿಂದ ಕಾಶ್ಮೀರದ ಗಂಟ ಜನ ಬಾಯ್ತುಂಬ ಹೇಳ್ತಾರಲ್ಲ, ಆ ಹೆಸರಿಟ್ಟೋಳು ನಾನೇ ಕಣವ್ವ. ಯಾಕೆ ಹಂಗೆ ಹುಬ್ಬು ಹಾರಿಸ್ತೀಯ? ಸರಿ ಬಿಡು, ಅರ್ಧ ಸುಳ್ಳು. ಕಾಶ್ಮೀರದ ಗಂಟ ಹೋಗಿಲ್ಲ, ನಮ್ಮ ಹೋಬಳಿ ದಾಟೈತೆ ಅಷ್ಟೆ. ಇಟ್ಟೋಳೂ ನಾನಲ್ಲ, ಪಕ್ಕದ ಮನೆ ಸಾಕಮ್ಮ. ಅವಳು ಇಟ್ಲು, ನಾನು ಊರಿಗೆಲ್ಲ ಹಂಚಿದೆ. ಹೆಸರು ಇಡೋದು ಯಾವ ಮಹಾ? ಹಂಚೋದ್ರಲ್ಲಿ ಐತೆ ಕಷ್ಟ.

ಸಾಕಮ್ಮನ ಅವ್ವಂಗೆ ಸಾಲಾಗಿ ಹೆಣ್ಣು ಹುಟ್ಟಿ ಹುಟ್ಟಿ, ಕೊನೇಗೆ ಇವಳು ಬಂದಾಗ ‘ಸಾಕು’ ಅಂತ ಇಟ್ಟ ಹೆಸರು ಅದು. ಅವಳೂ ಹುಟ್ಟಿದಾಗಿಂದ ಅದನ್ನೇ ಹೇಳ್ಕೊಂಡು ಬಂದವಳೆ. ನೀರು ಹೊತ್ತು ಸಾಕು, ಹಿಪ್ಪುನೇರಳೆ ಸೊಪ್ಪು ಹೊತ್ತು ಸಾಕು, ಗಂಡ ಹೊಂಬಾಳಯ್ಯನ ಜೊತೆ ಬಾಳಿ ಸಾಕೋ ಸಾಕು. ಆದ್ರೆ ಕನಕಪುರದ ಸೀಮೇಲಿ ಅವರಿಬ್ಬರ ಹಂಗೆ ರೇಷ್ಮೆ ಹುಳ ಸಾಕಿದೋರು ಇನ್ನೊಬ್ಬರಿಲ್ಲ. ಹೊಂಬಾಳಯ್ಯ ಹುಳಮನೆಗೆ ಕಾಲಿಡಬೇಕಾದ್ರೆ ಮಿಂದು, ಒಗೆದ ಪಂಚೆ ಉಟ್ಟು, ಕೈಕಾಲಿಗೆ ಸುಣ್ಣದ ನೀರು ಹಾಕ್ಕೊಂಡು ಹೋಗೋನು. ದೇವಸ್ಥಾನಕ್ಕೆ ಬೇಕಾದ್ರೆ ಹಂಗೇ ನುಗ್ಗೋನು, ಹುಳಮನೆಗೆ ಮಾತ್ರ ಇಲ್ಲ. ಬೀಡಿ ವಾಸನೆ, ಬೆವರು ವಾಸನೆ, ಯಾವುದೂ ಹುಳಕ್ಕೆ ತಾಕಬಾರದು ಅನ್ನೋನು. ಒಂದು ಸಲ ನಾನು ಕರಿಮೀನು ತಿಂದ ಬಾಯಲ್ಲಿ ಬಾಗಿಲ ಹತ್ರ ನಿಂತು ಮಾತಾಡಿಸಿದ್ದಕ್ಕೆ ನನ್ನ ಮೇಲೆ ಒಂದು ಬಿಂದಿಗೆ ನೀರು ಸುರಿದ ಪುಣ್ಯಾತ್ಮ.

ಅಂಥೋನಿಗೆ ಬಂತು ನೋಡು ಕಾಯಿಲೆ, ಹೇಳ್ಕೊಳ್ಳೋಕೆ ಆಗದ ಜಾಗದಲ್ಲಿ. ಉಚ್ಚೆ ಹುಯ್ಯೋಕೆ ಎದ್ದು ಎದ್ದು ಹಿತ್ತಲಲ್ಲಿ ದಾರಿ ಸವೆದು ಕಾಲುವೆ ಆಗಿಹೋಗಿತ್ತು, ಅದರಲ್ಲಿ ಗದ್ದೆ ಮಾಡಬೈದಿತ್ತು. ಹೆಂಡ್ತಿಗೂ ಹೇಳಲಿಲ್ಲ. ರಕ್ತ ಕಂಡ ಮೇಲೆ ಸಾಕಮ್ಮನೇ ಕೈ ಹಿಡಿದು ಬೆಂಗಳೂರಿಗೆ ಎಳಕೊಂಡು ಹೋದ್ಲು. ಡ್ರೈವರೇ ಇಲ್ಲದ ಬಸ್ಸು ಆಗ ಹೊಸದು. ಜೋರಾಗಿ ಬ್ರೇಕ್ ಹಾಕಿದ್ರೂ ಬೈಯೋಕೆ ಒಂದು ಮುಖ ಇಲ್ಲವಲ್ಲ ಅಂತ ಅವಳಿಗೆ ದಾರಿಯುದ್ದಕ್ಕೂ ಸಂಕಟ.

ದೊಡ್ಡಾಸ್ಪತ್ರೇಲಿ ನೋಡಿ, ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಗಡ್ಡೆ ಅಂದ್ರು. ಸಾಕಮ್ಮನ ಕಿವಿಗೆ ‘ಪ್ರೊಟೆಸ್ಟು’ ಅಂತ ಕೇಳಿಸ್ತು. “ಊರಲ್ಲಿ ಎಲ್ಲಾ ಮುಷ್ಕರದಲ್ಲೂ ನೀವೇ ಮುಂದೆ ಕೂರ್ತಿದ್ರಿ. ಈಗ ನಿಮ್ಮ ಮೈಯೊಳಗೇ ಕೂತವ್ರೆ, ಅನುಭವಿಸಿ,” ಅಂದ್ಲು ಗಂಡಂಗೆ. ಅಂದೋಳು ಮೆಟ್ಲ ಮೇಲೆ ಕೂತು ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು.

“ಕರೆಂಟು ಕೊಡಬೇಕು,” ಅಂದ್ರು ಅಲ್ಲಿ. ಕರೆಂಟು ಅಂದ್ರೆ ನಮ್ಮ ಮನೆ ಬಲ್ಬಿನದಲ್ಲ. ಕಣ್ಣಿಗೆ ಕಾಣದ ಕಿರಣ ಬಿಟ್ಟು ಗಡ್ಡೆ ಸುಡೋದಕ್ಕೆ ಆಸ್ಪತ್ರೇಲಿ ನಮ್ಮ ಜನ ಮೊದಲಿಂದ ಅನ್ನೋದು ಹಂಗೆ. ಡಾಕ್ಟ್ರುಗಳೂ ಸೋತು ಹಂಗೇ ಅಂತಾರೆ ಈಗ.

ಆದ್ರೆ ಕರೆಂಟಿಗೆ ಮುಂಚೆ ಇನ್ನೊಂದು ಮಿಷನ್ನು ಇತ್ತು. ಅದನ್ನ ನೋಡ್ಕೊಳ್ಳೋದು ಡಾಕ್ಟ್ರಮ್ಮ ಮಂದಾಕಿನಿ. ವಯಸ್ಸು ಐವತ್ತರ ಮೇಲಿರಬೈದು, ಮುಖ ನೋಡಿದ್ರೆ ಹುಟ್ಟಿದಾಗಿಂದ ಮಲಗಿಲ್ಲ ಅನ್ನಂಗೆ. ಮಿಷನ್ನು ಓಡಿಸೋನು ದಸ್ತಗೀರು ಅಂತ. ಅವನೂ ನಡುವಯಸ್ಸಿನೋನೇ, ರಾಮನಗರದೋನು. ಅವರಪ್ಪ ರೇಷ್ಮೆ ಗೂಡು ಬೇಯಿಸಿ ನೂಲು ತೆಗೀತಿದ್ದೋನು. ಸಾಕಮ್ಮನ ಊರು ಕೇಳಿದ ತಕ್ಷಣ, “ನೀವು ಬೆಳೆದ ಗೂಡಲ್ಲೇ ನಾನು ಓದಿದ್ದು ಬಿಡಿ ಅಮ್ಮಾ,” ಅಂದ.

ಹೊಂಬಾಳಯ್ಯ ಒಬ್ಬನೇ ಒಳಗೆ ಮಲಗಲ್ಲ ಅಂತ ಹಟ ಹಿಡಿದ. ಅದಕ್ಕೆ ಸಾಕಮ್ಮನ್ನ ಗಾಜಿನ ಈಚೆ, ದಸ್ತಗೀರನ ಪಕ್ಕ ಒಂದು ಸ್ಟೂಲ್ ಮೇಲೆ ಕೂರಿಸಿದ್ರು. ಎದುರಿಗೆ ಗೋಡೆಯಗಲದ ಪರದೆ. ಅದರಲ್ಲಿ ಗಂಡನ ಹೊಟ್ಟೆಯ ಕೆಳಗಿನದೆಲ್ಲ ಬೂದು ಬಣ್ಣದಲ್ಲಿ.

“ಅಯ್ಯೋ ಶಿವನೇ, ಮದುವೆಯಾಗಿ ಇಷ್ಟು ವರ್ಷಕ್ಕೂ ನಾನು ಕಾಣದ್ದನ್ನೆಲ್ಲ ತೋರಿಸ್ತಾ ಇದೀಯಲ್ಲಪ್ಪ,” ಅಂದ್ಲು.

ದಸ್ತಗೀರ ಕೆಮ್ಮಿದ. ಆಮೇಲೆ ಬಿಡಿಸಿ ಹೇಳಿದ. “ನೋಡಿ ಅಮ್ಮಾ, ಮೈಯೊಳಗೆ ಕಾವಲಿನೋರು ಇರ್ತಾರೆ. ರಕ್ತದಲ್ಲಿರೋ ಬಿಳಿ ಕಣ. ಹೊರಗಿಂದ ಯಾರು ಬಂದ್ರೂ ಹಿಡಿದು ಬಡಿಯೋದು ಅವರ ಕೆಲಸ. ಈ ಗಡ್ಡೆ ಭಾರಿ ಕಳ್ಳ. ಮನೆಯೋರ ಹಂಗೇ ವೇಷ ಹಾಕ್ಕೊಂಡು, ಕಾವಲಿನೋರನ್ನ ಮಂಕು ಮಾಡಿ ಮಲಗಿಸಿರುತ್ತೆ. ನಾವು ಮೊದಲು ಒಂದೇ ಒಂದು ಚೂರು ಕರೆಂಟು ಕೊಡ್ತೀವಿ, ಕದ ತಟ್ಟಿದಂಗೆ. ಗಡ್ಡೆಗೆ ಏಟು ಬಿದ್ರೆ ಕೂಗ್ಕೊಳ್ಳುತ್ತೆ. ಆ ಕೂಗಿಗೆ ಕಾವಲಿನೋರು ಎದ್ದು ಓಡಿ ಬಂದ್ರೋ, ನಾವು ಚುಚ್ಚಿದ ಔಷಧಿ ಅವರಿಗೆ ಅಂಟ್ಕೊಂಡು ಈ ಪರದೆ ಮೇಲೆ ಮಿಂಚುಹುಳದಂಗೆ ಮಿನುಗುತ್ತೆ.”

“ಬರದೇ ಇದ್ರೆ?”

“ಅದಕ್ಕೇ ಈ ಮಿಷನ್ನು. ಕಾವಲು ಎಚ್ಚರಾಗೋ ಗಡ್ಡೆ ಕರೆಂಟಿಗೂ ಬೇಗ ಮೆತ್ತಗಾಗುತ್ತೆ, ಇದು ನಮ್ಮ ಮೇಡಂ ಕಂಡುಹಿಡಿದಿದ್ದು. ಅಂಥೋರಿಗೆ ಒಂದು ವಾರ ಸಣ್ಣ ಕರೆಂಟು ಕೊಟ್ಟು ಮನೆಗೆ ಕಳಿಸ್ತೀವಿ. ಮಿಕ್ಕಿದ್ದು ಕಾವಲಿನೋರೇ ನೋಡ್ಕೊಳ್ತಾರೆ. ಎಚ್ಚರಾಗದೇ ಇದ್ರೆ ಗಡ್ಡೆ ಕಲ್ಲು ಅಂತ ಲೆಕ್ಕ. ತಿಂಗಳುಗಟ್ಟಲೆ ದೊಡ್ಡ ಕರೆಂಟು ಕೊಡಬೇಕು.”

“ಅಂದ್ರೆ ಇದು ಎಬ್ಸೋ ಮಿಷನ್ನು ಅನ್ನಪ್ಪ,” ಅಂದ್ಲು ಸಾಕಮ್ಮ. ಹೆಸರು ಹುಟ್ಟಿದ್ದು ಹಿಂಗೆ, ಅಷ್ಟು ಸಲೀಸಾಗಿ.

ಕದ ತಟ್ಟಿ ಕಳಿಸಿದ್ರು. ಹೊರಗೆ ಬರೋವಾಗ ಬಾಗಿಲ ಪಕ್ಕದ ಗೋಡೆ ತಾನಾಗೇ ಮಾತಾಡ್ತು. ಆ ಆಸ್ಪತ್ರೇಲಿ ಗೋಡೆಗಳಿಗೂ ಬಾಯಿ. “ದೇಹದ ಉಷ್ಣಾಂಶದಲ್ಲಿ ಏರಿಕೆ ಕಂಡುಬಂದಲ್ಲಿ ಕೂಡಲೇ ತಿಳಿಸತಕ್ಕದ್ದು” ಅಂತು. ಸಾಕಮ್ಮಂಗೆ ಅರ್ಥ ಆಗಿದ್ದು ಕೊನೆಯ ಮಾತು ಒಂದೇ. ತಿಳಿಸತಕ್ಕದ್ದು, ಕಟ್ಟತಕ್ಕದ್ದು, ಹಾಜರಾಗತಕ್ಕದ್ದು! ಆ ‘ತಕ್ಕದ್ದು’ ಬಂದ ಕಡೆಯಲ್ಲೆಲ್ಲ ಜಪ್ತಿಗೆ ಕೋರ್ಟಿನ ಅಮೀನ ಬಂದೇ ಬತ್ತಾನೆ ಅಂತ ಅವಳಿಗೆ ಗೊತ್ತು.

ಪರಊರಿನೋರು ಉಳಿಯೋಕೆ ಆಸ್ಪತ್ರೆ ಹಿಂದುಗಡೆ ಒಂದು ಧರ್ಮಶಾಲೆ. ತಗಡಿನ ಸೂರು. ಒಂದೇ ಅಡುಗೆಮನೆ, ಸಾಲಾಗಿ ಒಲೆ. ಅಲ್ಲಿ ಕಾಲಿಟ್ಟೋರಿಗೆಲ್ಲ ಒಂದೇ ಮುಖ ಬಂದುಬಿಡ್ತದೆ ಕಣವ್ವ. ಉಪ್ಪಿಟ್ಟು ಕೆದಕ್ತಾ ಕೆದಕ್ತಾ ನಿಂತಲ್ಲೇ ತೂಕಡಿಸೋ ಮುಖ. ಪಕ್ಕದ ಒಲೆಯೋಳು ಹಿರಿಯೂರು ಕಡೆಯ ಓಬಳಮ್ಮ, ಅವಳ ಗಂಡಂಗೂ ಅದೇ ಗಡ್ಡೆ.

ಮಾರನೆ ದಿನ ಸಾಯಂಕಾಲ ಹೊಂಬಾಳಯ್ಯನ ಮೈ ಸುಡೋಕೆ ಶುರುವಾಯ್ತು. ಹಣೆ ಮೇಲೆ ಹಪ್ಪಳ ಸುಡಬೈದಿತ್ತು, ಅಷ್ಟು ಜ್ವರ. ಕಂಬಳಿ ಮೇಲೆ ಕಂಬಳಿ ಹೊದ್ದಿದ್ರೂ ಮಂಚ ಗಡಗಡ.

“ದಸ್ತಗೀರಪ್ಪಂಗೆ ಹೇಳಿ ಬತ್ತೀನಿ,” ಅಂತ ಸಾಕಮ್ಮ ಚಪ್ಪಲಿ ಮೆಟ್ಕೊಂಡ್ಲು.

ಓಬಳಮ್ಮ ಸೌಟು ಹಿಡಕೊಂಡೇ ಬಾಗಿಲಿಗೆ ಅಡ್ಡ ನಿಂತ್ಲು. “ನಿಂಗೇನು ತಲೆ ಕೆಟ್ಟೈತಾ? ಜ್ವರ ಅಂತ ಬಾಯಿ ಬಿಟ್ರೆ ಹೆಸರು ಹೊಡೆದು ಊರಿಗೆ ಅಟ್ತಾರೆ. ಮತ್ತೆ ಸರದಿ ಬರೋದು ಯಾವ ಕಾಲಕ್ಕೋ! ಆ ಮೂಲೆ ರೂಮಿನೋನು ಜ್ವರ ಅಂದ, ಮೂಟೆ ಕಟ್ಟಿಸಿದ್ರು.”

“ದಿಟವಾ?”

“ನನ್ನ ತಾಳಿ ಮೇಲಾಣೆ. ಇಲ್ಲಿ ಎಲ್ರಿಗೂ ಬತ್ತದೆ. ಯಾರೂ ಹೇಳಲ್ಲ. ಗೇಟಿನ ಹತ್ರ ಮೆಡಿಕಲ್ ಶಾಪಿಗೆ ಹೋಗಿ ‘ಸೆಟ್ ಮಾತ್ರೆ’ ಅನ್ನು, ಕಟ್ಟಿ ಕೊಡ್ತಾನೆ. ಬೆಳಗಾಗೋದ್ರಲ್ಲಿ ಮೈ ಕಲ್ಲಂಗಡಿ ಥರ ತಣ್ಣಗೆ.”

ಮೂಲೆ ರೂಮಿನೋನಿಗೆ ಇದ್ದಿದ್ದು ಎದೆಯ ಕಾಯಿಲೆ, ಅವನಿಗೂ ಕರೆಂಟಿಗೂ ಸಂಬಂಧವೇ ಇಲ್ಲ ಅಂತ ಓಬಳಮ್ಮಂಗೆ ಯಾರು ಹೇಳಬೇಕು? ಅವಳೂ ಪಾಪ ಕೇಳಿದ್ದನ್ನ ಹೇಳಿದ್ಲು, ನನ್ನ ಹಂಗೇ.

ಸಾಕಮ್ಮ ಸೆಟ್ಟು ತಂದ್ಲು. ಕಾಗದದ ಪೊಟ್ಟಣದಲ್ಲಿ ಒಂದು ಬಿಳಿ, ಒಂದು ಹಳದಿ, ಒಂದು ಗುಲಾಬಿ ಬಣ್ಣದ ಚಿಕ್ಕದು. ನೀನೂ ನುಂಗಿರ್ತೀಯ, ನಾನೂ ನುಂಗಿದೀನಿ, ಈ ನಾಡಲ್ಲಿ ನುಂಗದೋರು ಯಾರವ್ರೆ?

ಹೊಂಬಾಳಯ್ಯ ಕಂಬಳಿಯೊಳಗಿಂದ ಮೂತಿ ಈಚೆ ಹಾಕಿ, “ಸಾಕಿ, ಆ ಚಿಕ್ಕದು ಯಾತಕ್ಕೆ?” ಅಂದ.

“ನಿಮ್ಮ ಬಾಯಿ ಮುಚ್ಚಿಸೋಕೆ. ನುಂಗಿ.”

ಬೆಳಗ್ಗೆಗೆ ಜ್ವರ ಮಾಯ. ಎಬ್ಸೋ ಮಿಷನ್ನಿನ ಮುಂದೆ ಹೋಗಿ ನಿಂತ್ರೆ ದಸ್ತಗೀರ ಮೊದಲು ಕೇಳಿದ್ದೇ, “ಜ್ವರ ಏನಾದ್ರೂ ಬಂತಾ?”

“ಇಲ್ಲ ಕಣಪ್ಪ! ಸುಖವಾಗಿ ನಿದ್ದೆ ಮಾಡಿದ್ರು,” ಅಂದ್ಲು ಸಾಕಮ್ಮ.

ದಸ್ತಗೀರನ ಮುಖ ಸಪ್ಪಗಾಯ್ತು. ನೋಡಿದ್ಯಾ, ಜ್ವರ ಬಂದಿದ್ರೆ ಹೆಸರು ಹೊಡೆಯೋಕೆ ಕಾಯ್ತಿದ್ದ, ಸಿಗಲಿಲ್ಲ ಅಂತ ಮುಖ ಇಳಿಬಿಟ್ಟವ್ನೆ ಅಂತ ಇವಳು ಮನಸ್ಸಲ್ಲೇ ಬೀಗಿದ್ಲು. ಪರದೆ ಮೇಲೆ ಗಡ್ಡೆ ಕಪ್ಪಗೆ, ಅಮಾವಾಸ್ಯೆ ಹಂಗೆ. ಒಂದು ಮಿಣುಕು ಇಲ್ಲ.

ಡಾಕ್ಟ್ರಮ್ಮ ಬಂದು ನೋಡಿ, ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡ್ರು. “ಇವರದ್ದೂ ಅಷ್ಟೇನಾ?” ಅಂದ್ರು.

“ಅಷ್ಟೇ ಮೇಡಂ.”

“ಎಲ್ಲೋ ತಪ್ಪಿದೀವಿ ದಸ್ತಗೀರ್. ಇಲಿಗಳಲ್ಲಿ ಎದ್ದುವು. ಬೇರೆ ದೇಶದೋರಲ್ಲಿ ಎದ್ದುವು. ನಮ್ಮವರಲ್ಲಿ ಮಾತ್ರ ಯಾಕೆ ಮಲಗೇ ಇರ್ತಾವೆ? ನಮ್ಮ ಜನದ ಮೈಯೇ ಹೀಗೆ ಅಂತ ಬರೆದು ಈ ಮಿಷನ್ ಮುಚ್ಚಿಬಿಡ್ಲಾ?” ಆಯಮ್ಮ ಗೋಡೆಗೊರಗಿ ಆಕಳಿಸಿದ್ರು. ಆ ಆಕಳಿಕೆ ದಸ್ತಗೀರಂಗೆ ಹತ್ತಿ, ಅವನಿಂದ ಸಾಕಮ್ಮಂಗೆ ಹತ್ತಿ, ಗಾಜಿನಾಚೆ ಮಲಗಿದ್ದ ಹೊಂಬಾಳಯ್ಯಂಗೂ ಹತ್ತಿತು ಅಂತೀನಿ.

ಇನ್ನೊಂದು ಸಲ ತಟ್ಟಿದ್ರು. ಸಾಯಂಕಾಲ ಜ್ವರ ಬಂತು, ಸೆಟ್ಟು ನುಂಗಿಸಿದ್ಲು. ಬೆಳಗ್ಗೆ ಜ್ವರ ಇಲ್ಲ, ಪರದೆ ಕಪ್ಪು. ದಿನವೆಲ್ಲ ಸಾಲಲ್ಲಿ ಕಾಯೋದು, ಸಾಯಂಕಾಲ ಮೈ ಒತ್ತೋದು, ಹಣೆಗೆ ಬಟ್ಟೆ ಹಾಕೋದು. ಸಾಕಮ್ಮನ ಕಾಲು ಊದಿ ಬಾಳೆದಿಂಡು ಆದವು. “ಬಿಡೇ ಸಾಕಿ, ಆ ಜ್ವರ ತಾನಾಗೇ ಇಳಿದುಹೋಯ್ತದೆ, ನೀನು ಮಲಗು,” ಅಂತಿದ್ದ ಹೊಂಬಾಳಯ್ಯ. “ನಾನು ಮಲಗಿದ್ರೆ ಕಾಯೋರು ಯಾರು?” ಅಂತಿದ್ಲು ಇವಳು. ಕಾದು ಕಾದು ಅವಳು ಕಾಯ್ತಿದ್ದುದು ಏನನ್ನ ಅಂತ ಗೊತ್ತಾಗಿದ್ದು ಆಮೇಲೆ.

ಕೊನೇಗೆ ಡಾಕ್ಟ್ರಮ್ಮ ಇಬ್ಬರನ್ನೂ ಕೂರಿಸಿಕೊಂಡು ತೀರ್ಪು ಹೇಳಿದ್ರು. ಗಟ್ಟಿ ಗಡ್ಡೆ. ದೊಡ್ಡ ಕರೆಂಟೇ ಆಗಬೇಕು.

“ಕೊಡಿ ಅದಕ್ಕೇನಂತೆ,” ಅಂದ ಹೊಂಬಾಳಯ್ಯ.

“ಅಜ್ಜ, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಗಡ್ಡೆ ಪಕ್ಕದಲ್ಲೇ ಮೂತ್ರದ ಚೀಲ ಇದೆ. ಅಷ್ಟು ಕರೆಂಟು ಕೊಟ್ರೆ ಅದಕ್ಕೂ ಬಿಸಿ ತಾಗುತ್ತೆ. ನಿಮ್ಮ ಗಡ್ಡೆ ಇರೋ ಜಾಗ ನೋಡಿದ್ರೆ, ಆಮೇಲೆ ಹಿಡಿತ ಇರೋದು ಕಷ್ಟ. ಗೊತ್ತಾಗದ ಹಾಗೆ ಸೋರ್ತಾ ಇರುತ್ತೆ. ಪ್ಯಾಡ್ ಹಾಕ್ಕೊಂಡೇ ಇರಬೇಕಾಗಬಹುದು.”

“ಎಷ್ಟು ದಿನ?”

“ಇರೋವರೆಗೂ ಅಜ್ಜ,” ಅಂದ್ರು ಡಾಕ್ಟ್ರಮ್ಮ. 

ಹೊಂಬಾಳಯ್ಯ ಎದ್ದು ನಿಂತ. ಕೈ ಮುಗಿದ. “ಅಮ್ಮಾ, ನಾನು ಹುಳಮನೆ ಮನುಷ್ಯ. ಮಡಿ ಇಲ್ಲದೆ ಒಳಗೆ ಕಾಲಿಟ್ಟೋನಲ್ಲ. ಉಚ್ಚೆ ಬಟ್ಟೆ ಕಟ್ಕೊಂಡು ಹುಳದ ತಟ್ಟೆ ಮುಂದೆ ಹೆಂಗೆ ನಿಂತ್ಕೊಳ್ಳಲಿ? ವಾಸನೆಗೇ ಸತ್ತುಹೋಯ್ತವೆ. ಹುಳಮನೆ ಬಾಗಿಲಾಚೆ ಕೂತು ನಾಯಿ ಹಂಗೆ ಕಾಯೋಕಿಂತ, ಈ ಗಡ್ಡೆ ಇಟ್ಕೊಂಡೇ ಒಳಗೆ ಹೋಗಿ ಬತ್ತಾ ಇರ್ತೀನಿ, ಅದು ಎಷ್ಟು ದಿನ ಬಿಡ್ತದೋ ಅಷ್ಟು ದಿನ. ನಡಿಯೇ ಸಾಕಿ, ಮೂಟೆ ಕಟ್ಟು.”

“ಅಜ್ಜ, ಹಾಗೇ ಹೋದ್ರೆ ಅದು ಮೂಳೆಗೆ ಹಬ್ಬುತ್ತೆ—”

“ಹಬ್ಬಲಿ ಬಿಡಿ.”

 ಈ ಮುದುಕ ಒಂದು ಸಲ ನಡಿ ಅಂದ್ರೆ ಅಂದ ಹಂಗೆ, ಆನೆ ಕಟ್ಟಿ ಎಳೆದ್ರೂ ತಿರುಗಲ್ಲ ಅಂತ ಸಾಕಮ್ಮಂಗಲ್ಲದೆ ಯಾರಿಗೆ ಗೊತ್ತು? ಅವಳು ಡಾಕ್ಟ್ರಮ್ಮನ ಸೆರಗೇ ಹಿಡ್ಕೊಂಡ್ಲು.

“ಒಂದಿನ ತಡೀರವ್ವಾ. ಏನೋ ಅಂದ್ರಲ್ಲ, ಒಳಗೆ ಕಾವಲು ಅಲ್ಲಾಡದೆ ಮಲಗವೆ ಅಂತ?”

“ಹೌದಮ್ಮ. ಒಂದೂ ಅಲ್ಲಾಡ್ತಿಲ್ಲ.”

“ಸತ್ತಿಲ್ಲ ತಾನೆ?”

“ಸತ್ತಿಲ್ಲ. ಇವೆ. ಸುಮ್ಮನೆ ಇವೆ.”

“ಮತ್ತೆ ಇನ್ನೇನವ್ವಾ! ಜ್ವರಕ್ಕೆ ಕೂತವೆ ಅಷ್ಟೆ!”

ಡಾಕ್ಟ್ರಮ್ಮನ ನಿದ್ದೆಗಣ್ಣು ರಪ್ಪನೆ ಬಿಟ್ಕೊಂಡ್ತು. “ಏನಂದ್ರಿ? ಜ್ವರಾನಾ? ಯಾವಾಗ ಬಂತು ಜ್ವರ?”

ಈಗ ನಿಂಗೊಂದು ಮಾತು ಹೇಳಬೇಕು, ನೀನು ಹುಳ ಸಾಕಿದೋಳಲ್ಲ. ರೇಷ್ಮೆ ಹುಳ ಬೆಳೀತಾ ಬೆಳೀತಾ ನಾಕು ಸಲ ಮೇವು ಬಿಟ್ಟು, ತಲೆ ಎತ್ಕೊಂಡು, ಕಲ್ಲಿನ ಹಂಗೆ ಕೂತುಬಿಡ್ತದೆ. ಹಳೇ ಚರ್ಮ ಕಳಚೋ ಹೊತ್ತು ಅದು. ನಮ್ಮ ಕಡೆ ಅದಕ್ಕೆ ‘ಜ್ವರ’ ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಕಾಯಬೇಕು. ಜ್ವರ ಎದ್ದ ಮೇಲೆ ನೋಡು, ಸೊಪ್ಪು ಹಾಕಿದ್ರೆ ಮಳೆ ಹುಯ್ದಂಗೆ ಸದ್ದು ಮಾಡ್ಕೊಂಡು ಮೇಯ್ತವೆ. ಸಾಕಮ್ಮ ಹೇಳಿದ್ದು ಆ ಜ್ವರ. ಡಾಕ್ಟ್ರಮ್ಮ ಬಸವನಗುಡಿಯೋರು, ಅವರಿಗೆ ಕೇಳಿಸಿದ್ದು ಈ ಜ್ವರ.

 ಹೋಯ್ತು, ಗುಟ್ಟು ರಟ್ಟಾಯ್ತು, ಆ ಚಿಕ್ಕ ಗುಲಾಬಿ ಮಾತ್ರೆ ರಕ್ತದಲ್ಲಿ ಕಂಡುಬಿಟ್ಟೈತೆ ಅಂದ್ಕೊಂಡ್ಲು ಸಾಕಮ್ಮ. ಕುರ್ಚಿಯಿಂದ ಇಳಿದು ಡಾಕ್ಟ್ರಮ್ಮನ ಕಾಲಿಗೇ ಕೈ ಹಾಕಿದ್ಲು.

“ತಪ್ಪಾಯ್ತು ಕಣ್ರವ್ವಾ! ಹೆಸರು ಹೊಡೀಬೇಡಿ! ತಟ್ಟಿದ ಸಲವೆಲ್ಲ ಬಂದಿತ್ತು ಜ್ವರ, ಹಣೆ ಮುಟ್ಟೋಕೆ ಆಗ್ತಿರಲಿಲ್ಲ. ನಾನೇ ಸೆಟ್ಟು ನುಂಗಿಸಿ ಇಳಿಸಿದೆ. ಇವರದ್ದೇನೂ ತಪ್ಪಿಲ್ಲ. ನಾನೊಬ್ಬಳೇ ಏನಲ್ಲ, ಧರ್ಮಶಾಲೇಲಿ ಎಲ್ಲಾರೂ ನುಂಗ್ತಾರೆ!”



ಬಾಗಿಲ ಹತ್ರ ನಿಂತಿದ್ದ ದಸ್ತಗೀರ ಮೆಲ್ಲಗೆ, “ಮೇಡಂ, ಅಮ್ಮ ಮೊದಲು ಹೇಳಿದ್ದು ಹುಳದ ಜ್ವರ. ಹುಳ ಅಲ್ಲಾಡದೆ ಕೂರೋದಕ್ಕೆ ಹಂಗಂತಾರೆ, ಅದು ಎದ್ದ ಮೇಲೇ ಸೊಪ್ಪು ಹಾಕೋದು…” ಅಂದ. ಅನ್ನುತ್ತಾ ಅನ್ನುತ್ತಾ ಅವನ ಮಾತೂ ನಿಂತುಹೋಯ್ತು. “ಎಲ್ಲಾರೂ ಅಂದ್ರಾ ಅಮ್ಮಾ?”

“ಎಲ್ಲಾರೂ ಕಣಪ್ಪ.”

ಡಾಕ್ಟ್ರಮ್ಮ ಹಂಗೇ ನೆಲದ ಮೇಲೆ, ಸಾಕಮ್ಮನ ಎದುರಿಗೆ ಕೂತುಬಿಟ್ರು. ಬೈತಾರೆ ಅಂತ ಇವಳು ಕಣ್ಣು ಮುಚ್ಚಿದ್ಲು. ಆಯಮ್ಮ ಬೈಯಲಿಲ್ಲ. ನಗೋಕೆ ಶುರು ಮಾಡಿದ್ರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲಿಲ್ಲ.

“ಸಾಕಮ್ಮಾ, ಆ ಜ್ವರಕ್ಕೋಸ್ಕರವೇ ನಾನು ಕಾಯ್ತಿದ್ದೆ. ಕಾವಲಿನವರು ಎದ್ದಾಗ ಮೈ ಬಿಸಿಯಾಗುತ್ತೆ. ಅದು ಅವರು ಓಡಿ ಬರೋ ಬಿಸಿ. ಆ ಸೆಟ್ಟಿನಲ್ಲಿ ಒಂದು ಚಿಕ್ಕ ಮಾತ್ರೆ ಇರುತ್ತಲ್ಲ, ಅದು ಜ್ವರ ಇಳಿಸೋದು ಕಾವಲಿನವರನ್ನೇ ಮಲಗಿಸಿ. ನಾವು ಹಗಲೆಲ್ಲ ಎಬ್ಬಿಸ್ತಾ ಇದ್ವಿ, ನೀವು ಸಂಜೆಗೆ ಜೋಗುಳ ಹಾಡ್ತಾ ಇದ್ರಿ.”

“ಗೋಡೆ ‘ತಿಳಿಸತಕ್ಕದ್ದು’ ಅಂತಲ್ಲವ್ವಾ, ಅದಕ್ಕೆ ಹೆದರಿಕೊಂಡೆ.”

“ಆ ಗೋಡೆಗೆ ಆ ಮಾತು ಬರೆದುಕೊಟ್ಟವಳು ನಾನೇ,” ಅಂದ್ರು ಡಾಕ್ಟ್ರಮ್ಮ. ಸಾಕಮ್ಮನ ಸೆರಗಲ್ಲೇ ಮೂಗೊರೆಸಿಕೊಂಡ್ರು ಅಂತಾಳೆ ಸಾಕಮ್ಮ. ಅದು ಮಾತ್ರ ನಾನು ನಂಬಲ್ಲ. ಅಷ್ಟು ಓದಿದೋರು ಬೇರೆಯೋರ ಸೆರಗಿಗೆ ಮೂಗು ಒರೆಸ್ತಾರಾ?

ಹೊಂಬಾಳಯ್ಯ ಇದನ್ನೆಲ್ಲ ನಿಂತೇ ನೋಡ್ತಿದ್ದ. “ಅಂದ್ರೆ ಈಗ ನಂದು ಕಲ್ಲಲ್ವಾ?” ಅಂದ.

“ಗೊತ್ತಿಲ್ಲ ಅಜ್ಜ. ಜ್ವರ ಬಂದಿತ್ತು ಅಂದ್ರೆ ಆಸೆ ಇದೆ. ಆದ್ರೆ ಆ ಮಾತ್ರೆ ಪೂರ್ತಿ ಮೈಯಿಂದ ಇಳಿಯೋವರೆಗೆ ಕಾಯಬೇಕು. ಆಮೇಲೆ ಇನ್ನು ಒಂದೇ ಸಲ ತಟ್ಟೋಕೆ ಸಾಧ್ಯ. ಮತ್ತೆ ಮತ್ತೆ ತಟ್ಟಿದ್ರೆ ಕಾವಲಿನವರು ಆ ಸದ್ದಿಗೇ ಒಗ್ಗಿಹೋಗ್ತಾರೆ, ತಿರುಗಿಯೂ ನೋಡಲ್ಲ.”

“ನಮ್ಮ ಮನೇಲಿ ನಾನು ಕೂಗಿದಂಗೆ ಅನ್ನಿ,” ಅಂದ್ಲು ಸಾಕಮ್ಮ, ಗಂಡನ ಕಡೆ ನೋಡಿ.

“ಆ ಒಂದು ಸಲಕ್ಕೆ ಎದ್ರೆ ಸರಿ. ಇಲ್ಲದಿದ್ರೆ ದೊಡ್ಡ ಕರೆಂಟು, ಅಥವಾ…”

“ಅಥವಾ ಮನೆ,” ಅಂದ ಹೊಂಬಾಳಯ್ಯ. “ಆ ಒಂದು ಸಲ ನೋಡೇಬಿಡಣ. ಅದಾದ ಮೇಲೆ ಯಾರೂ ನನ್ನ ತಡೀಬಾರದು.”

ಅವತ್ತು ಧರ್ಮಶಾಲೆ ಅಡುಗೆಮನೇಲಿ ನಡೆದ ಜಗಳಕ್ಕೆ ತಗಡು ಹಾರಿಹೋಗಬೇಕಿತ್ತು. ಸಾಕಮ್ಮ ಓಬಳಮ್ಮನ ಎಲ್ಲಾ ಪೊಟ್ಟಣ ಕಿತ್ಕೊಂಡು ಬಚ್ಚಲಿಗೆ ಸುರಿದ್ಲು. “ನಿನ್ನ ತಾಳಿ ಮೇಲೆ ಆಣೆ ಹಾಕ್ದೆ, ನಿನ್ನ ತಾಳಿಗೇ ಕತ್ತರಿ ಹಾಕ್ತಿದ್ದೆಯಲ್ಲೇ ಮಾರಾಯ್ತಿ!” ಅಂದ್ಲು. ಓಬಳಮ್ಮ ಮೊದಲು ಬೈದ್ಲು, ಆಮೇಲೆ ಒಲೆ ಆರಿಸಿ ಗೋಡೆ ಕಡೆ ಮುಖ ಮಾಡಿ ಕೂತ್ಲು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲಾರೂ ಬಂದು ತಮ್ಮ ತಮ್ಮ ದಿಂಬಿನ ಕೆಳಗಿನ ಪೊಟ್ಟಣ ತಂದು ಬಚ್ಚಲಿಗೆ ಹಾಕಿದ್ರು. 

ಕಾಯೋದು ಸಾಕಮ್ಮಂಗೆ ಹೊಸದಲ್ಲ. ಹುಳ ಜ್ವರಕ್ಕೆ ಕೂತಾಗ ಹುಳಮನೆ ಹೊಸ್ತಿಲಲ್ಲಿ ಕೂತು ಕಾದೋಳು. ಆದ್ರೆ ಅಲ್ಲಿ ಎದ್ದೇಳ್ತವೆ ಅಂತ ಗೊತ್ತಿರ್ತದೆ. ಇಲ್ಲಿ ಯಾರು ಗ್ಯಾರಂಟಿ? ಮಾತ್ರೆ ಮೈಯಿಂದ ಇಳಿದ ಮೇಲೆ ಕೊನೇ ಸಲ ತಟ್ಟಿದ್ರು. ದಸ್ತಗೀರ ಹೊಂಬಾಳಯ್ಯನ ತೋಳಿಗೆ ಒಂದು ಪಟ್ಟಿ ಅಂಟಿಸಿ ಕಳಿಸಿದ. ಅದು ಮೈ ಬಿಸಿ ಎಷ್ಟು ಅಂತ ನೇರ ಆಸ್ಪತ್ರೆಗೆ ಸುದ್ದಿ ಮುಟ್ಟಿಸ್ತದೆ, ಪಕ್ಕದಲ್ಲಿ ಕೂತ ಹೆಂಡ್ತಿಗೆ ಮಾತ್ರ ಹೇಳಲ್ಲ. ಅಂಥ ಚಾಡಿಕೋರ ಪಟ್ಟಿ.

ಮಾರನೆ ದಿನ ಮಧ್ಯಾಹ್ನ. ತಗಡು ಕಾದು ರೂಮೆಲ್ಲ ರೊಟ್ಟಿ ಸುಡೋ ಕಾವಲಿ. ಸಾಕಮ್ಮ ಗಂಡನ ಹಣೆ ಮೇಲೆ ಕೈ ಇಟ್ಲು. ಬಿಸಿ ಇದ್ದಂಗಿತ್ತು. ಆದ್ರೆ ಈಗತಾನೆ ಮುದ್ದೆ ತೊಳಸಿ ಬಂದ ಕೈ ಅದು, ಕೈಯೇ ಬಿಸಿ. ಕೈ ನೀರಲ್ಲಿ ಅದ್ದಿ ಮತ್ತೆ ಇಟ್ಲು. ಈಗ ಎಲ್ಲಾನೂ ಬಿಸಿ ಅನ್ನಿಸ್ತು. ಗೋಡೆ ಮುಟ್ಟಿದ್ಲು, ಗೋಡೆಗೂ ಜ್ವರ.

“ಚಳಿ ಆಯ್ತದಾ?” ಅಂದ್ಲು.

“ಇಲ್ಲ.”

“ಸ್ವಲ್ಪನಾದ್ರೂ ನಡುಗಿ ನೋಡಿ.”

“ಬಾರದ ಜ್ವರಾನ ಎಲ್ಲಿಂದ ತರಲೇ? ಮೊದಲು ಬಂದ ಜ್ವರಾನ ಓಡಿಸಿದೆ, ಈಗ ಕರೀತಾ ಇದೀಯ. ಅದಕ್ಕೂ ಮಾನ ಮರ್ಯಾದೆ ಇರಬಾರದಾ?”

“ನೀವು ಇಷ್ಟು ಮಾತಾಡ್ತೀರಲ್ಲ, ಅದಕ್ಕೇ ಬತ್ತಾ ಇಲ್ಲ.”

 ಹೊಂಬಾಳಯ್ಯ ಮಗ್ಗುಲಾಗಿ, “ಸಾಕಿ,” ಅಂದ. ಅವನ ದನಿ ಮೆತ್ತಗಾಗಿತ್ತು. “ಹುಳಮನೆ ಬಾಗಿಲಿಗೆ ಹೊಸ ಚಿಲಕ ಹಾಕಬೇಕು ಅಂತಿದ್ದೆ. ನಾನು ಒಳಗೆ ಬರೋಕಾಗದಂಗೆ ಆದ್ರೆ, ನೀನೇ ಹಾಕಿಸು. ಚೌಕಾಸಿ ಮಾಡಬೇಡ, ಗಟ್ಟಿದು ಹಾಕಿಸು.”

 ಸಾಕಮ್ಮ ಅವನ ಕಾಲು ತೊಡೆ ಮೇಲೆ ಎತ್ಕೊಂಡು ಒತ್ತೋಕೆ ಶುರು ಮಾಡಿದ್ಲು. ಅವಳ ಕಣ್ಣೆಲ್ಲ ಮರಳು ಹಾಕಿದಂಗೆ. ಸಾಕು, ಸಾಕು ಅಂತ ಬಾಯಿ ಅಂತಾನೇ ಇತ್ತು, ಕೈ ನಿಲ್ಲಲಿಲ್ಲ.

ಬೆಳಗ್ಗೆ ಎಬ್ಸೋ ಮಿಷನ್ನಿನ ಹತ್ರ ಹೋದ್ರು. ಈ ಸಲ ಅವಳು ಗಾಜಿನ ಈಚೆ ಕೂರಲ್ಲ ಅಂದ್ಲು. “ಆ ಕಪ್ಪು ಇನ್ನೊಂದು ಸಲ ನೋಡಲಾರೆ ಕಣಪ್ಪ. ಹೊರಗಿರ್ತೀನಿ.” ಹೊಂಬಾಳಯ್ಯನೂ ಹಟ ಮಾಡಲಿಲ್ಲ, ಒಬ್ಬನೇ ಒಳಗೆ ಹೋದ. ಬಾಗಿಲು ಮುಚ್ಚಿತು. ಗೋಡೆ ಮಾತಾಡ್ತು, “ಅಮ್ಮಾ, ಮೈ ಬಿಸಿ ಬಂದ್ರೆ ಹೆದರಬೇಡಿ, ಒಳ್ಳೇದು, ನಮಗೆ ಹೇಳಿ” ಅಂತು. ಡಾಕ್ಟ್ರಮ್ಮ ಆಗಲೇ ಅದರ ಮಾತು ತಿದ್ದಿಸಿಬಿಟ್ಟಿದ್ರು. ಪಕ್ಕದ ಬೆಂಚಲ್ಲಿ ಓಬಳಮ್ಮನ ಗಂಡ ಕಂಬಳಿ ಹೊದ್ದು ಗಡಗಡ ನಡುಗ್ತಿದ್ದ. ಓಬಳಮ್ಮ ಮದುವೆ ಹೆಣ್ಣಿನಂಗೆ ಹಿಗ್ಗಿ ಕೂತಿದ್ಲು.

ಎಷ್ಟೋ ಹೊತ್ತಾಯ್ತು. ಸಾಕಮ್ಮಂಗೆ ಒಂದು ಯುಗ.

ಬಾಗಿಲು ತೆಗೀತು. ದಸ್ತಗೀರ ಬಂದು ಎದುರಿಗೆ ನಿಂತ. ನಗಲಿಲ್ಲ, ಅಳಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿಸ್ಕೊಂಡು, ಗೂಡಿನ ಮಾರ್ಕೆಟ್ಟಲ್ಲಿ ಅವರಪ್ಪ ಕೇಳ್ತಿದ್ದಂಗೆ ಕೇಳಿದ.

“ಸಾಕಮ್ಮಾರೇ, ಸೊಪ್ಪು ತಂದಿದೀರಾ?”

ಸಾಕಮ್ಮ ಅವನ ಮುಖಾನೇ ನೋಡಿದ್ಲು.  ಬೆಂಚಿಗೊರಗಿ, ಕಾಲು ನೀಡಿ, ಸೆರಗು ಮುಖದ ಮೇಲೆ ಎಳ್ಕೊಂಡು, ಅಲ್ಲೇ ಗೊರಕೆ ಹೊಡೆದ್ಲು ಕಣವ್ವ. ಆಸ್ಪತ್ರೆ ಗಾಜೆಲ್ಲ ಅದುರಿತಂತೆ.

ಈಗ ನೀನು ಹೇಳು. ಒಳಗೆ ಪರದೆ ಮೇಲೆ ಏನು ಕಂಡಿತ್ತು? ನನ್ನ ಮುಖ ಏನು ನೋಡ್ತೀಯ, ನಾನೇ ಎಲ್ಲಾ ಹೇಳಿಬಿಟ್ರೆ ನಿನ್ನ ತಲೆ ಇರೋದು ಯಾತಕ್ಕೆ, ಹೂವು ಮುಡಿಯೋಕಾ? ಹೋಗ್ಲಿ, ಆ ಹುಳಮನೆ ಕಡೆ ಕಿವಿ ಕೊಡು. ಮಳೆ ಹುಯ್ದಂಗೆ ಸದ್ದು ಕೇಳ್ತೈತಲ್ಲ, ಅದು ಹುಳ ಮೇಯೋ ಸದ್ದು. ಅದರ ಮೇಲಿಂದ ಯಾರೋ ಕೂಗ್ತಾವ್ರೆ, ಕೇಳಿಸ್ಕೊ: “ಕೈಕಾಲು ತೊಳೆದೇನೇ ಒಳಗೆ ಬಂದಿದ್ದು, ಸಾಕಿ?”

ಯಾರದ್ದು ಆ ದನಿ, ಹೇಳು ನೋಡಾಣ.